ಕೈಗಾರಿಕಾ ದ್ರವಗಳ ಮಂಜು, ಆವಿ ಮತ್ತು ಯಕೃತ್ತು: ಪ್ರಯೋಗಪ್ರಾಣಿಗಳಲ್ಲಿ ಕಂಡದ್ದು

ಯಂತ್ರಗಳನ್ನು ನಡೆಸಲು, ನಯವಾಗಿಡಲು, ತೊಳೆಯಲು, ಬಣ್ಣವನ್ನು ತೆಳುವಾಗಿಸಲು ಬಳಸುವ ಎಣ್ಣೆ ಮತ್ತು ದ್ರಾವಕಗಳನ್ನು ಒಟ್ಟಾಗಿ ಕೈಗಾರಿಕಾ ದ್ರವಗಳೆನ್ನುತ್ತಾರೆ. ಇವು ಎರಡು ರೂಪದಲ್ಲಿ ಉಸಿರಿಗೆ ಸೇರುತ್ತವೆ. ಹೈಡ್ರಾಲಿಕ್ ಎಣ್ಣೆಯಂಥ ದಪ್ಪ ದ್ರವಗಳು ಸುಲಭವಾಗಿ ಆವಿಯಾಗುವುದಿಲ್ಲ. ಒತ್ತಡದಿಂದ ಸಿಡಿದು ಸೂಕ್ಷ್ಮ ಹನಿಗಳ ಮಂಜಾದಾಗ ಮಾತ್ರ ಮೂಗು ಮುಟ್ಟುತ್ತವೆ. ಥಿನ್ನರ್, ಬಣ್ಣ ಕೀಳುವ ದ್ರವ, ಗ್ರೀಸು ತೊಳೆಯುವ ದ್ರಾವಕಗಳಂಥ ತೆಳು ದ್ರವಗಳು ಡಬ್ಬಿಯ ಮುಚ್ಚಳ ತೆರೆದೊಡನೆ ಆವಿಯಾಗಿ ಗಾಳಿಗೆ ಬೆರೆಯುತ್ತವೆ. ಇಲಿ, ಚಿಟ್ಟಿಲಿ, ಗಿನಿಹಂದಿ, ಮೊಲ, ಮಂಗಗಳಿಗೆ ಈ ಗಾಳಿಯನ್ನು ಅಳೆದು ಉಸಿರಾಡಿಸಿ, ಅವುಗಳ ಯಕೃತ್ತನ್ನು ಪರೀಕ್ಷಿಸುವ ಕೆಲಸ ಎಪ್ಪತ್ತಕ್ಕೂ ಹೆಚ್ಚು ವರ್ಷಗಳಿಂದ ನಡೆದಿದೆ. ಆ ಪ್ರಯೋಗಗಳಿಂದ ಒಟ್ಟಾರೆ ಹೊರಡುವ ಅರ್ಥ, ನೋಡಲು ಹೊಲಸಾದ ಕರಿ ಎಣ್ಣೆಯ ಮಂಜು ಮುಖ್ಯವಾಗಿ ಶ್ವಾಸಕೋಶಕ್ಕೆ ಕೇಡು ಮಾಡುತ್ತದೆ; ಯಕೃತ್ತನ್ನು ಕೆಡಿಸುವುದರಲ್ಲಿ ಸ್ವಚ್ಛವಾಗಿ, ನೀರಿನಂತೆ ಕಾಣುವ ಕೆಲವು ದ್ರಾವಕಗಳದೇ ದೊಡ್ಡ ಪಾಲು. ಕೆಲಸಗಾರರ ಅಂಜಿಕೆ ಸಾಮಾನ್ಯವಾಗಿ ಇದಕ್ಕೆ ತಿರುಗುಮುರುಗಾಗಿರುತ್ತದೆ. ಈ ವಿಷಯ ಪ್ರಯೋಗಾಲಯದ ಆಚೆಗೂ ಮುಖ್ಯವಾಗುವುದು ಅದಕ್ಕಾಗಿಯೇ. ವಿಜಯಪುರ ಜಿಲ್ಲೆಯ ನಾಲ್ಕು ತಾಲ್ಲೂಕುಗಳನ್ನು ಉದಾಹರಣೆಯಾಗಿ ನೋಡಬಹುದು.

ನಾಲ್ಕು ತಾಲ್ಲೂಕುಗಳಲ್ಲಿ ಈ ದ್ರವಗಳು

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ (ಈಗ ಇವುಗಳಿಂದ ಚಡಚಣ, ಆಲಮೇಲ, ದೇವರ ಹಿಪ್ಪರಗಿ, ತಾಳಿಕೋಟೆ, ನಿಡಗುಂದಿ, ಕೊಲ್ಹಾರ ತಾಲ್ಲೂಕುಗಳು ಒಡೆದು ಬಂದಿವೆ) ಒಕ್ಕಲುತನದ ಸೀಮೆ. ಭೀಮಾ, ಡೋಣಿ, ಕೃಷ್ಣೆಯರ ನಡುವಿನ ಎರೆಭೂಮಿಯಲ್ಲಿ ಜೋಳ, ತೊಗರಿ, ಕಬ್ಬು, ದ್ರಾಕ್ಷಿ, ನಿಂಬೆ ಬೆಳೆಯುತ್ತವೆ. ಕಾರ್ಖಾನೆಗಳ ಊರುಗಳು ಎನ್ನಿಸದ ಈ ಊರುಗಳಲ್ಲಿ ಕೈಗಾರಿಕಾ ದ್ರವಗಳ ಬಳಕೆ ಮಾತ್ರ ಕಡಿಮೆಯಿಲ್ಲ. ಇಂಡಿ ತಾಲ್ಲೂಕಿನ ಮರಗೂರಿನ ಭೀಮಾಶಂಕರ ಸಹಕಾರಿ ಸಕ್ಕರೆ ಕಾರ್ಖಾನೆಯಿಂದ ಹಿಡಿದು ಯಾವ ಸಕ್ಕರೆ ಕಾರ್ಖಾನೆಗೆ ಹೋದರೂ ಕಬ್ಬು ಅರೆಯುವ ಗಾಣದ ಮೇಲಿನ ರೋಲರನ್ನು ಅದುಮಿ ಹಿಡಿದಿರುವುದು ಹೈಡ್ರಾಲಿಕ್ ಎಣ್ಣೆಯ ಒತ್ತಡ. ಹಂಗಾಮಿನ ತಿಂಗಳುಗಳಲ್ಲಿ ಅದು ಹಗಲಿರುಳು ಕೆಲಸ ಮಾಡುತ್ತದೆ. ಕೃಷ್ಣಾ ಮೇಲ್ದಂಡೆ ಯೋಜನೆಯ ಇಂಡಿ ಶಾಖಾ ಕಾಲುವೆ, ಮುಳವಾಡ ಮತ್ತು ಚಿಮ್ಮಲಗಿ ಏತ ನೀರಾವರಿಯ ಕಾಲುವೆಗಳನ್ನು ತೋಡಿದ ಜೆಸಿಬಿ, ಹಿಟಾಚಿಗಳ ತೋಳುಗಳಲ್ಲಿ ಹರಿಯುವುದೂ ಅದೇ ಎಣ್ಣೆ. ಟ್ರ್ಯಾಕ್ಟರಿನ ಲಿಫ್ಟು, ಬೋರ್‌ವೆಲ್ ಕೊರೆಯುವ ಗಾಡಿ, ಟಿಪ್ಪರಿನ ಜ್ಯಾಕು ಎಲ್ಲವೂ ಇದೇ ಗುಂಪಿಗೆ ಸೇರಿದವು. ಆಲಮಟ್ಟಿಯ 290 ಮೆಗಾವಾಟ್ ಜಲವಿದ್ಯುದಾಗಾರದಂಥ ಕಡೆ ಟರ್ಬೈನುಗಳ ವೇಗ ಕಾಯುವ ಗವರ್ನರುಗಳು ಎಣ್ಣೆಯ ಒತ್ತಡದಿಂದ ಕೆಲಸ ಮಾಡುತ್ತವೆ. ಕೂಡಗಿಯ ಎನ್‌ಟಿಪಿಸಿ ಉಷ್ಣ ವಿದ್ಯುತ್ ಸ್ಥಾವರದಲ್ಲಿ 800 ಮೆಗಾವಾಟಿನ ಮೂರು ಘಟಕಗಳಿವೆ. ಇಷ್ಟು ದೊಡ್ಡ ಉಗಿ ಟರ್ಬೈನುಗಳ ನಿಯಂತ್ರಣ ಕೊಳವೆಗಳು ಅತಿ ಬಿಸಿಯಾದ ಲೋಹದ ಪಕ್ಕದಲ್ಲೇ ಹಾದುಹೋಗುವುದರಿಂದ, ಸೋರಿದರೂ ಸುಲಭವಾಗಿ ಬೆಂಕಿ ಹತ್ತಿಕೊಳ್ಳದ ಫಾಸ್ಫೇಟ್ ಎಸ್ಟರ್ ದ್ರವಗಳನ್ನು ಬಳಸುವುದು ಜಗತ್ತಿನ ಅನೇಕ ಸ್ಥಾವರಗಳ ರೂಢಿ.

ಇವೆಲ್ಲಕ್ಕಿಂತ ಹೆಚ್ಚು ಜನರನ್ನು ಮುಟ್ಟುವುದು ಗ್ಯಾರೇಜು. ಸಿಂದಗಿಯ ಬಸ್‌ಸ್ಟ್ಯಾಂಡಿನ ಸುತ್ತಲಾಗಲಿ, ನಿಡಗುಂದಿಯ ಹೆದ್ದಾರಿ ಬದಿಯಲ್ಲಾಗಲಿ ಇರುವ ಸಣ್ಣ ಗ್ಯಾರೇಜಿನಲ್ಲಿ ಡೀಸೆಲ್ಲು, ಸೀಮೆಎಣ್ಣೆ, ಥಿನ್ನರ್‌ಗಳಿಂದ ಬಿಡಿಭಾಗ ತೊಳೆಯುತ್ತಾರೆ, ತಗಡಿನ ಶೆಡ್ಡಿನೊಳಗೆ ಬಣ್ಣ ಹೊಡೆಯುತ್ತಾರೆ. ಬೇಸಿಗೆಯಲ್ಲಿ 40 ಡಿಗ್ರಿ ಸೆಲ್ಸಿಯಸ್ ದಾಟುವ ಸೀಮೆ ಇದು. ಅಂಥ ಬಿಸಿಲಿಗೆ ಕಾದ ಶೆಡ್ಡಿನಲ್ಲಿ ದ್ರಾವಕ ಆವಿಯಾಗುವ ವೇಗವೂ ಹೆಚ್ಚು.

ಮೂಗಿನಿಂದ ಯಕೃತ್ತಿಗೆ

ಉಣ್ಣುವ ವಿಷ ಕರುಳಿನಿಂದ ಹೀರಲ್ಪಟ್ಟು ಮೊದಲು ಯಕೃತ್ತಿಗೇ ಹೋಗುತ್ತದೆ. ಅಲ್ಲಿ ಅದರಲ್ಲಿ ಒಂದಷ್ಟು ಪಾಲು ಮುರಿದು ನಿರುಪದ್ರವಿಯಾಗಬಹುದು. ಉಸಿರಾಡಿದ ವಿಷಕ್ಕೆ ಈ ತಡೆ ಇಲ್ಲ. ಶ್ವಾಸಕೋಶದ ಗಾಳಿಚೀಲಗಳ ತೆಳುಗೋಡೆ ದಾಟಿ ಅದು ನೇರವಾಗಿ ಹೃದಯದ ಎಡಭಾಗಕ್ಕೆ, ಅಲ್ಲಿಂದ ಮಿದುಳು, ಮೂತ್ರಪಿಂಡ, ಯಕೃತ್ತುಗಳಿಗೆ ಒಟ್ಟಿಗೇ ಹಂಚಿಕೆಯಾಗುತ್ತದೆ. ಹೃದಯ ತಳ್ಳುವ ರಕ್ತದಲ್ಲಿ ಸುಮಾರು ಕಾಲುಭಾಗ ಪ್ರತಿ ನಿಮಿಷ ಯಕೃತ್ತಿನ ಮೂಲಕವೇ ಹಾದುಹೋಗುವುದರಿಂದ ಅದಕ್ಕೆ ಬರುವ ಪಾಲು ಸಣ್ಣದಲ್ಲ. ಸುಮ್ಮನೆ ಕುಳಿತ ಮನುಷ್ಯ ನಿಮಿಷಕ್ಕೆ ಆರೆಂಟು ಲೀಟರ್ ಗಾಳಿ ಎಳೆದುಕೊಂಡರೆ ಭಾರ ಎತ್ತುವವನು 30 ಲೀಟರ್ ದಾಟುತ್ತಾನೆ. ಹಾಗಾಗಿ ಒಂದೇ ಶೆಡ್ಡಿನಲ್ಲಿ ಲೆಕ್ಕ ಬರೆಯುವವನಿಗೂ ಗೇರ್‌ಬಾಕ್ಸ್ ಇಳಿಸುವವನಿಗೂ ಸಿಗುವ ವಿಷದ ಅಳತೆ ಒಂದೇ ಆಗಿರುವುದಿಲ್ಲ.

ಯಕೃತ್ತು ಪೆಟ್ಟು ತಿನ್ನಲು ಕಾರಣ ಅದರ ಕಸುಬೇ. ಕೊಬ್ಬಿನಲ್ಲಿ ಕರಗುವ ಪರಕೀಯ ವಸ್ತುಗಳನ್ನು ನೀರಿನಲ್ಲಿ ಕರಗುವಂತೆ ಬದಲಿಸಿ ಹೊರಹಾಕುವುದು ಅದರ ಕೆಲಸ. ಸೈಟೋಕ್ರೋಮ್ ಪಿ-450 ಗುಂಪಿನ ಕಿಣ್ವಗಳು ಈ ಬದಲಾವಣೆ ಮಾಡುತ್ತವೆ. ಕೆಲವು ದ್ರಾವಕಗಳ ವಿಷಯದಲ್ಲಿ ಈ ಬದಲಾವಣೆಯಿಂದಲೇ ಮೂಲ ವಸ್ತುವಿಗಿಂತ ಹೆಚ್ಚು ಘಾತಕವಾದ ತುಣುಕು ಹುಟ್ಟುತ್ತದೆ. ಯಕೃತ್ತಿನ ಪ್ರತಿಯೊಂದು ಕಿರುಹಾಲೆಯ ನಡುವಣ ಅಭಿಧಮನಿಯ ಸುತ್ತಲ ಕೋಶಗಳಲ್ಲಿ ಈ ಕಿಣ್ವಗಳು ಹೆಚ್ಚು, ಆಮ್ಲಜನಕ ಕಡಿಮೆ. ಅದರಿಂದಾಗಿ ದ್ರಾವಕದ ಗಾಯ ಮೊದಲು ಅಲ್ಲಿಯೇ, ನಡುವಿನ ಸುತ್ತಿನಲ್ಲಿಯೇ, ಕಾಣಿಸಿಕೊಳ್ಳುತ್ತದೆ. ಸೂಕ್ಷ್ಮದರ್ಶಕದಡಿ ಇಲಿಯ ಯಕೃತ್ತಿನ ತೆಳು ಸೀಳನ್ನು ನೋಡುವವರು ಮೊದಲು ಹುಡುಕುವ ಜಾಗವೂ ಅದೇ.

ಪ್ರಯೋಗ ನಡೆಯುವ ಬಗೆ

ಅಂತರರಾಷ್ಟ್ರೀಯವಾಗಿ ಒಪ್ಪಿದ ಒಇಸಿಡಿ (ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಘಟನೆ) ಮಾರ್ಗಸೂಚಿಗಳಲ್ಲಿ 403ನೆಯದು ಒಂದೇ ಸಲದ, ಸಾಮಾನ್ಯವಾಗಿ ನಾಲ್ಕು ಗಂಟೆಯ, ಉಸಿರಾಟದ ಪರೀಕ್ಷೆಯನ್ನು ವಿವರಿಸುತ್ತದೆ. 412 ಇಪ್ಪತ್ತೆಂಟು ದಿನದ್ದು, 413 ತೊಂಬತ್ತು ದಿನದ್ದು. ತೊಂಬತ್ತು ದಿನದ ಪರೀಕ್ಷೆಯಲ್ಲಿ ಇಲಿಗಳನ್ನು ದಿನಕ್ಕೆ ಆರು ಗಂಟೆ, ವಾರಕ್ಕೆ ಐದು ದಿನ ಒಡ್ಡುವುದು ರೂಢಿ. ಕಾರ್ಖಾನೆಯ ಪಾಳಿಯನ್ನು ಹೋಲುವ ಏರ್ಪಾಡು ಇದು. ಒಂದು ಗುಂಪಿಗೆ ಶುದ್ಧ ಗಾಳಿ, ಉಳಿದ ಕನಿಷ್ಠ ಮೂರು ಗುಂಪುಗಳಿಗೆ ಏರುತ್ತ ಹೋಗುವ ಸಾಂದ್ರತೆ. ಎಣ್ಣೆಯಂಥ ದ್ರವವಾದರೆ ಹನಿಗಳ ಗಾತ್ರ ಸರಾಸರಿ 2 ಮೈಕ್ರೋಮೀಟರಿಗಿಂತ ಹೆಚ್ಚಿರಬಾರದು. ಅದಕ್ಕಿಂತ ದೊಡ್ಡ ಹನಿಗಳು ಇಲಿಯ ಮೂಗಿನಲ್ಲೇ ಸಿಕ್ಕಿಹಾಕಿಕೊಂಡು ಶ್ವಾಸಕೋಶದ ಆಳ ತಲುಪುವುದಿಲ್ಲ.

ಇಲ್ಲಿ ಒಂದು ತೊಡಕಿದೆ. ಇಡೀ ಪ್ರಾಣಿಯನ್ನು ಮಂಜಿನ ಕೋಣೆಯಲ್ಲಿ ಬಿಟ್ಟರೆ ಎಣ್ಣೆ ಅದರ ತುಪ್ಪಳಕ್ಕೆ ಅಂಟುತ್ತದೆ. ಇಲಿ ಮೈ ನೆಕ್ಕಿಕೊಳ್ಳುವ ಪ್ರಾಣಿ. ಉಸಿರಿನ ಪ್ರಯೋಗವೆಂದು ಶುರುವಾದದ್ದು ಅರ್ಧ ಉಣ್ಣಿಸಿದ ಪ್ರಯೋಗವಾಗಿ ಮುಗಿಯುತ್ತದೆ, ಯಕೃತ್ತಿನಲ್ಲಿ ಕಂಡ ಬದಲಾವಣೆ ಯಾವ ದಾರಿಯಿಂದ ಬಂತೆಂದು ಹೇಳಲಾಗುವುದಿಲ್ಲ. ಇದನ್ನು ತಪ್ಪಿಸಲು ಮೂತಿ ಮಾತ್ರ ಹೊರಚಾಚುವಂತೆ ಪ್ರಾಣಿಯನ್ನು ಕೊಳವೆಯಲ್ಲಿ ಕೂರಿಸುವ ಪದ್ಧತಿ ಬಂತು. ಗಂಟೆಗಟ್ಟಲೆ ಹಾಗೆ ಸಿಕ್ಕಿಕೊಂಡ ಪ್ರಾಣಿಗೆ ಆಗುವ ಹಿಂಸೆಯೂ ಒತ್ತಡವೂ ಸಣ್ಣವಲ್ಲ. ಆ ಒತ್ತಡದಿಂದಲೇ ತೂಕ ಇಳಿದು ಅಂಗಗಳ ಲೆಕ್ಕ ಏರುಪೇರಾಗುವುದೂ ಉಂಟು. ಹಳೆಯ ವರದಿಗಳನ್ನು ಓದುವಾಗ ಪ್ರಾಣಿಯ ಇಡೀ ಮೈ ಕೋಣೆಯಲ್ಲಿತ್ತೋ ಮೂಗು ಮಾತ್ರ ಒಡ್ಡಿತ್ತೋ ಎಂಬುದನ್ನು ಮೊದಲು ನೋಡಬೇಕು.

ಅವಧಿ ಮುಗಿದ ಮೇಲೆ, ಯಕೃತ್ತಿನ ಕೋಶ ಕೆಟ್ಟಾಗ ರಕ್ತಕ್ಕೆ ಸೋರುವ ಎಸ್‌ಜಿಪಿಟಿ, ಎಸ್‌ಜಿಒಟಿ ಕಿಣ್ವಗಳನ್ನು ಅಳೆಯುತ್ತಾರೆ. ಯಕೃತ್ತನ್ನು ತೂಗಿ ದೇಹದ ತೂಕಕ್ಕೆ ಹೋಲಿಸುತ್ತಾರೆ. ಸೀಳು ಕತ್ತರಿಸಿ ಬಣ್ಣ ಹಾಕಿ ನೋಡುತ್ತಾರೆ. ಕೆಲವು ಪ್ರಾಣಿಗಳನ್ನು ಶುದ್ಧ ಗಾಳಿಯಲ್ಲಿ ಇನ್ನೂ ಕೆಲವು ವಾರ ಇಟ್ಟು, ಆದ ಬದಲಾವಣೆ ತಾನಾಗಿ ಹೋಗುತ್ತದೆಯೇ ಎಂದು ನೋಡುವುದೂ ಇದೆ.

ಹೈಡ್ರಾಲಿಕ್ ಎಣ್ಣೆಗಳು

ಅಮೆರಿಕದ ವಿಷವಸ್ತು ಮತ್ತು ರೋಗ ನೋಂದಣಿ ಸಂಸ್ಥೆ 1997ರಲ್ಲಿ ಹೈಡ್ರಾಲಿಕ್ ದ್ರವಗಳ ವಿಷಗುಣದ ಬಗ್ಗೆ ಸಮಗ್ರ ವರದಿ ಹೊರತಂದಿತು. ಅದು ಈ ದ್ರವಗಳನ್ನು ಖನಿಜ ತೈಲ, ಆರ್ಗನೋಫಾಸ್ಫೇಟ್ ಎಸ್ಟರ್, ಪಾಲಿಆಲ್ಫಾಓಲಿಫಿನ್ ಎಂದು ಮೂರು ಕುಲಗಳಾಗಿ ವಿಂಗಡಿಸುತ್ತದೆ. ವಿಮಾನ, ಹಡಗುಗಳಲ್ಲಿ ಈ ದ್ರವಗಳು ಸಿಡಿದರೆ ಸಿಬ್ಬಂದಿಗೆ ಏನಾದೀತೆಂಬ ಆತಂಕದಿಂದ ಆ ದೇಶದ ಸೇನೆ ಮಾಡಿಸಿದ ಪರೀಕ್ಷೆಗಳೂ ಅಲ್ಲಿ ಸೇರಿವೆ.

ಜೆಸಿಬಿ, ಟ್ರ್ಯಾಕ್ಟರು, ಗಾಣಗಳಲ್ಲಿರುವುದು ಮೊದಲನೆಯ ಕುಲ. ನಯವಾಗಿಡುವ ಎಣ್ಣೆಗಳ ಮೂಲ ತೈಲವನ್ನು ಘನಮೀಟರಿಗೆ 50ರಿಂದ 1,000 ಮಿಲಿಗ್ರಾಂವರೆಗೆ ಮಂಜಾಗಿಸಿ ನಾಲ್ಕು ವಾರ ಇಲಿಗಳಿಗೆ ಉಸಿರಾಡಿಸಿದ ಪ್ರಯೋಗದಲ್ಲಿ ಮುಖ್ಯವಾಗಿ ಬದಲಾದದ್ದು ಶ್ವಾಸಕೋಶ. ಗಾಳಿಚೀಲಗಳಲ್ಲಿ ಎಣ್ಣೆ ನುಂಗಿ ಉಬ್ಬಿದ ಭಕ್ಷಕ ಕೋಶಗಳು ತುಂಬಿದ್ದವು, ಶ್ವಾಸಕೋಶದ ತೂಕ ಏರಿತ್ತು. ಯಕೃತ್ತಿನ ಗಾಯ ಅಲ್ಲಿ ಮುಖ್ಯ ಸಂಗತಿಯಾಗಿರಲಿಲ್ಲ. ಕಾರ್ಖಾನೆಯ ಗಾಳಿಯಲ್ಲಿ ಖನಿಜ ತೈಲದ ಮಂಜಿಗೆ ಭಾರತವೂ ಸೇರಿ ಅನೇಕ ದೇಶಗಳು ಇಟ್ಟ ಎಂಟು ಗಂಟೆಯ ಮಿತಿ ಘನಮೀಟರಿಗೆ 5 ಮಿಲಿಗ್ರಾಂ. ಪ್ರಯೋಗದ ಮೇಲ್ತುದಿ ಅದರ 200 ಪಟ್ಟು. ಅಷ್ಟು ದಟ್ಟ ಮಂಜಿನಲ್ಲೂ ಮೊದಲು ಬೇಗುದಿಗೊಳಗಾಗುವುದು ಶ್ವಾಸಕೋಶವೇ ಎಂಬುದು ಗಮನಾರ್ಹ.

ಯಕೃತ್ತಿಗೂ ಖನಿಜ ತೈಲಕ್ಕೂ ಸಂಬಂಧವೇ ಇಲ್ಲವೆಂದು ಇದರಿಂದ ತೀರ್ಮಾನಿಸಬಾರದು. ತೆಳು ಬಿಳಿ ಖನಿಜ ತೈಲಗಳನ್ನು ಆಹಾರದಲ್ಲಿ ಬೆರೆಸಿ ಉಣ್ಣಿಸಿದಾಗ ಫಿಷರ್-344 ತಳಿಯ ಇಲಿಗಳ ಯಕೃತ್ತಿನಲ್ಲಿ ಎಣ್ಣೆಹನಿಯ ಸುತ್ತ ಕೋಶಗಳು ಗುಂಪುಗೂಡಿದ ಸಣ್ಣ ಗಂಟುಗಳು ಕಂಡವು. ಸ್ಪ್ರೇಗ್-ಡಾಲಿ ತಳಿಯ ಇಲಿಗಳಲ್ಲಿ ಅಂಥದ್ದು ಕಾಣುವುದು ಅಪರೂಪ. ಮನುಷ್ಯರ ಶವಪರೀಕ್ಷೆಗಳಲ್ಲೂ ಯಕೃತ್ತಿನಲ್ಲಿ ಎಣ್ಣೆಹನಿಗಳು ಕಂಡಿವೆ, ಆದರೆ ಸುತ್ತಲ ಅಂಗಾಂಶ ಕೆಟ್ಟಿರಲಿಲ್ಲ. ಒಂದೇ ಎಣ್ಣೆ, ಒಂದೇ ಜಾತಿಯ ಪ್ರಾಣಿ, ತಳಿ ಬದಲಾದರೆ ಉತ್ತರ ಬದಲಾಗುತ್ತದೆ. "ಇಲಿಯಲ್ಲಿ ಹೀಗಾಯಿತು" ಎಂಬ ಪತ್ರಿಕೆಯ ಸುದ್ದಿ ಓದುವವರು ಯಾವ ಇಲಿ ಎಂದು ಕೇಳುವುದು ನ್ಯಾಯ.

ಎರಡನೆಯ ಕುಲ, ಫಾಸ್ಫೇಟ್ ಎಸ್ಟರ್‌ಗಳು, ಯಕೃತ್ತಿನ ಮಟ್ಟಿಗೆ ಕುತೂಹಲಕರ. ಇವುಗಳ ಮಂಜನ್ನು ವಾರಗಟ್ಟಲೆ ಉಸಿರಾಡಿಸಿದ ಕೆಲವು ಪ್ರಯೋಗಗಳಲ್ಲಿ ಹೆಚ್ಚಿನ ಸಾಂದ್ರತೆಗೆ ಒಡ್ಡಿದ ಇಲಿಗಳ ಯಕೃತ್ತಿನ ತೂಕ ಏರಿತು, ಆದರೆ ಕೋಶಗಳು ಸತ್ತ ಗುರುತು ಸಿಗಲಿಲ್ಲ. ಇವುಗಳ ನಿಜವಾದ ಅಪಾಯ ನರಗಳಿಗೆ. ಟ್ರೈ-ಆರ್ಥೋ-ಕ್ರೆಸಿಲ್ ಫಾಸ್ಫೇಟ್ ಬೆರೆತ ಶುಂಠಿಸಾರ ಕುಡಿದು 1930ರಲ್ಲಿ ಅಮೆರಿಕದಲ್ಲಿ ಸಾವಿರಾರು ಜನರ ಕಾಲು ಸೋತವು. 1959ರಲ್ಲಿ ಮೊರಾಕ್ಕೊದಲ್ಲಿ ಕಲಬೆರಕೆ ಅಡುಗೆ ಎಣ್ಣೆಯಿಂದ ಅದೇ ಮರುಕಳಿಸಿತು. 1988ರಲ್ಲಿ ಕೋಲ್ಕತ್ತದ ಬೆಹಾಲಾದಲ್ಲಿ ಟ್ರೈಕ್ರೆಸಿಲ್ ಫಾಸ್ಫೇಟ್ ಬೆರೆತ ಅಡುಗೆ ಎಣ್ಣೆ ತಿಂದ ನೂರಾರು ಜನ ಪಾರ್ಶ್ವವಾಯುವಿನಂಥ ದೌರ್ಬಲ್ಯಕ್ಕೆ ಈಡಾದರು. ಈ ನರವಿಕಾರವನ್ನು ಇಲಿಯಲ್ಲಿ ಗುರುತಿಸುವುದು ಕಷ್ಟ. ಕೋಳಿಯಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಆದ್ದರಿಂದಲೇ ಈ ದ್ರವಗಳ ಪರೀಕ್ಷೆಗೆ ವಯಸ್ಕ ಹೇಟೆಯನ್ನು ಆರಿಸುತ್ತಾರೆ. ಇಂದಿನ ಟರ್ಬೈನ್ ದ್ರವಗಳಲ್ಲಿ ಆರ್ಥೋ ರೂಪವನ್ನು ಅತ್ಯಂತ ಕಡಿಮೆ ಮಾಡಿರುತ್ತಾರೆ. ಮೂರನೆಯ ಕುಲವಾದ ಪಾಲಿಆಲ್ಫಾಓಲಿಫಿನ್‌ಗಳ ಮೇಲೆ ಪ್ರಕಟವಾದ ಉಸಿರಾಟದ ಪ್ರಯೋಗಗಳು ಕೆಲವೇ.

ಹಿಟಾಚಿಯ ಪೈಪಿನಲ್ಲಿ ಒತ್ತಡ 300 ಬಾರ್ ಮುಟ್ಟುತ್ತದೆ. ಸೂಜಿಮೊನೆಯಷ್ಟು ರಂಧ್ರ ಬಿದ್ದರೂ ಎಣ್ಣೆ ಮಂಜಾಗಿ ಚಿಮ್ಮುತ್ತದೆ. ಸೋರುವ ಜಾಗವನ್ನು ಕೈಯಾಡಿಸಿ ಹುಡುಕುವವರಿಗೆ ಉಸಿರಿಗಿಂತ ದೊಡ್ಡ ಗಂಡಾಂತರ ಚರ್ಮದಲ್ಲಿದೆ: ಆ ಒತ್ತಡದ ಎಣ್ಣೆ ಬೆರಳಿನೊಳಕ್ಕೆ ನುಗ್ಗಿ, ಮೇಲೆ ಚುಕ್ಕೆಯಷ್ಟೇ ಗಾಯ ತೋರಿಸಿ, ಒಳಗೆ ಇಡೀ ಬೆರಳನ್ನು ಕೊಳೆಸಬಲ್ಲದು. ರಟ್ಟಿನ ತುಂಡನ್ನು ಹಿಡಿದು ಹುಡುಕುವುದೇ ಸರಿ. ಪೈಪಿಗೆ ಬಾಯಿ ಹಚ್ಚಿ ಡೀಸೆಲ್ ಎಳೆಯುವ ಅಭ್ಯಾಸವೂ ಯಕೃತ್ತಿಗಿಂತ ಮೊದಲು ಶ್ವಾಸಕೋಶವನ್ನೇ ಸುಡುತ್ತದೆ.

ದ್ರಾವಕಗಳು: ಯಕೃತ್ತಿನ ನಿಜವಾದ ವೈರಿಗಳು

ಕಾರ್ಬನ್ ಟೆಟ್ರಾಕ್ಲೋರೈಡಿನ ಕತೆ ಈ ಶಾಸ್ತ್ರದ ತಳಹದಿ. ಬಟ್ಟೆಯ ಕಲೆ ತೆಗೆಯಲು, ಲೋಹದ ಗ್ರೀಸು ತೊಳೆಯಲು, ಬೆಂಕಿ ಆರಿಸಲು ಒಂದು ಕಾಲಕ್ಕೆ ಲೋಕವೆಲ್ಲ ಬಳಸಿದ ದ್ರವ ಇದು. ಬಣ್ಣವಿಲ್ಲದ್ದು, ತುಸು ಸಿಹಿ ವಾಸನೆಯದು, ಬೆಂಕಿ ಹತ್ತದ್ದು. ಅದಕ್ಕೇ ಸುರಕ್ಷಿತವೆಂದು ನಂಬಿದ್ದರು. ಅಮೆರಿಕದ ಡೌ ಕಂಪನಿಯ ಪ್ರಯೋಗಾಲಯದ ಆಡಮ್ಸ್ ಮತ್ತು ಸಂಗಡಿಗರು 1952ರಲ್ಲಿ ಪ್ರಕಟಿಸಿದ ಕೆಲಸದಲ್ಲಿ ಇಲಿ, ಗಿನಿಹಂದಿ, ಮೊಲ, ಮಂಗಗಳನ್ನು ದಿನಕ್ಕೆ ಏಳು ಗಂಟೆಯಂತೆ ತಿಂಗಳುಗಟ್ಟಲೆ ಇದರ ಆವಿಗೆ ಒಡ್ಡಿದ್ದರು. ಹತ್ತು ಲಕ್ಷ ಪಾಲು ಗಾಳಿಯಲ್ಲಿ ಹತ್ತು ಪಾಲು ಇದ್ದಾಗಲೇ ಇಲಿಗಳ ಯಕೃತ್ತಿನಲ್ಲಿ ಕೊಬ್ಬು ತುಂಬತೊಡಗಿತ್ತು. ಐದು ಪಾಲಿನಲ್ಲಿ ತೊಂದರೆ ಕಾಣಲಿಲ್ಲ. ಕೆಲಸದ ಜಾಗದ ಗಾಳಿಗೆ ಹಲವು ದೇಶಗಳು ಅನಂತರ ಒಪ್ಪಿಕೊಂಡ ಮಿತಿಯೂ ಅದೇ ಐದು ಪಾಲು.

ಅದು ಕೆಡಿಸುವ ಬಗೆ ಈಗ ಸ್ಪಷ್ಟವಾಗಿದೆ. ಪಿ-450 ಗುಂಪಿನ 2ಇ1 ಎಂಬ ಕಿಣ್ವ ಇದರಿಂದ ಒಂದು ಕ್ಲೋರಿನ್ ಕಿತ್ತು, ಜೋಡಿಯಿಲ್ಲದ ಎಲೆಕ್ಟ್ರಾನ್ ಹೊತ್ತ ತುಣುಕನ್ನು ಹುಟ್ಟಿಸುತ್ತದೆ. ಅದು ಪಕ್ಕದ ಕೋಶಪೊರೆಯ ಕೊಬ್ಬಿಗೆ ತಾಗಿ, ಆ ಕೊಬ್ಬು ಪಕ್ಕದ್ದನ್ನು ಕೆಡಿಸಿ, ಸರಪಣಿಯಾಗಿ ಪೊರೆ ಹಾಳಾಗುತ್ತ ಹೋಗುತ್ತದೆ. ಯಕೃತ್ತು ತಾನು ತಯಾರಿಸಿದ ಕೊಬ್ಬನ್ನು ಹೊರಕಳಿಸುವ ಶಕ್ತಿ ಕಳೆದುಕೊಂಡು ಅದನ್ನು ಒಳಗೇ ಪೇರಿಸಿಕೊಳ್ಳುತ್ತದೆ. ಮುಂದೆ ಕೋಶಗಳು ಸಾಯುತ್ತವೆ. ಒಡ್ಡಿಕೆ ನಿಲ್ಲದಿದ್ದರೆ ನಾರು ಕಟ್ಟುತ್ತದೆ. ಜಪಾನಿನ ಜೈವಿಕ ಪರೀಕ್ಷಾ ಸಂಶೋಧನಾ ಕೇಂದ್ರದ 2007ರ ವರದಿಯಲ್ಲಿ ಎರಡು ವರ್ಷ 5, 25, 125 ಪಾಲಿನ ಆವಿಗೆ ಒಡ್ಡಿದ ಇಲಿ ಮತ್ತು ಚಿಟ್ಟಿಲಿಗಳ ಯಕೃತ್ತಿನಲ್ಲಿ ಗೆಡ್ಡೆಗಳೂ ಕಂಡವು. ಓಝೋನ್ ಪದರ ಉಳಿಸುವ ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಭಾರತ 2010ರ ಜನವರಿ 1ರಿಂದ ಇದರ ಸಾಮಾನ್ಯ ಬಳಕೆಯನ್ನು ಕೊನೆಗೊಳಿಸಿತು. ಕೆಲಸಗಾರನ ಯಕೃತ್ತಿಗೆ ಮಾಡಿಸಲಾಗದ ಕೆಲಸವನ್ನು ಆಕಾಶದ ಓಝೋನು ಮಾಡಿಸಿತು ಎಂಬುದನ್ನು ಈ ಕ್ಷೇತ್ರದವರು ನೋವಿನಿಂದಲೇ ನೆನೆಯಬೇಕು.

ಕುಡಿತ ಈ ವಿಷಗಳಿಗೆ ಜೊತೆಗೂಡುವ ಬಗೆಯನ್ನೂ ಪ್ರಾಣಿಗಳೇ ಮೊದಲು ತೋರಿಸಿದವು. 1971ರಲ್ಲಿ ಟ್ರೈಗರ್ ಮತ್ತು ಪ್ಲಾ ಎಂಬ ವಿಜ್ಞಾನಿಗಳು ಇಲಿಗಳಿಗೆ ಮೊದಲು ಎಥೆನಾಲ್ ಅಥವಾ ಐಸೊಪ್ರೊಪೈಲ್ ಆಲ್ಕೊಹಾಲ್ ಕೊಟ್ಟು, ಆಮೇಲೆ ಸ್ವಲ್ಪವೇ ಕಾರ್ಬನ್ ಟೆಟ್ರಾಕ್ಲೋರೈಡ್ ಕೊಟ್ಟರು. ಯಕೃತ್ತಿನ ಗಾಯ ಹಲವು ಪಟ್ಟು ಹೆಚ್ಚಾಯಿತು, ಐಸೊಪ್ರೊಪೈಲಿನೊಡನೆ ಇನ್ನೂ ಹೆಚ್ಚು. ಕೆಲವೇ ವರ್ಷಗಳಲ್ಲಿ, ಐಸೊಪ್ರೊಪೈಲ್ ಆಲ್ಕೊಹಾಲನ್ನು ಡಬ್ಬಿಗೆ ತುಂಬುವ ಅಮೆರಿಕದ ಕಾರ್ಖಾನೆಯೊಂದರಲ್ಲಿ ಕಾರ್ಬನ್ ಟೆಟ್ರಾಕ್ಲೋರೈಡಿನಿಂದ ಯಂತ್ರ ಒರೆಸಿದ ಮೇಲೆ ಕೆಲವು ಕೆಲಸಗಾರರು ಯಕೃತ್ತು, ಮೂತ್ರಪಿಂಡ ಕೆಟ್ಟು ಆಸ್ಪತ್ರೆ ಸೇರಿದರು. 1976ರಲ್ಲಿ ಅದು ವೈದ್ಯಕೀಯ ಪತ್ರಿಕೆಯಲ್ಲಿ ವರದಿಯಾಯಿತು. ಕುಡಿಯುವ ಎಥೆನಾಲು 2ಇ1 ಕಿಣ್ವವನ್ನು ಹೆಚ್ಚಿಸುವುದರಿಂದ, ಸಂಜೆ ಕುಡಿದು ಬೆಳಿಗ್ಗೆ ದ್ರಾವಕದ ಕೆಲಸಕ್ಕೆ ಬರುವವನ ಯಕೃತ್ತು ವಿಷ ತಯಾರಿಸಲು ಮುಂಚಿತವಾಗಿಯೇ ಸಜ್ಜಾಗಿರುತ್ತದೆ.

ಡೈಮಿಥೈಲ್ ಫಾರ್ಮಮೈಡ್ ಇನ್ನೊಂದು ದೊಡ್ಡ ಹೆಸರು. ಕೃತಕ ಚರ್ಮ, ಕೃತಕ ನೂಲಿನ ಉದ್ಯಮದ ಈ ದ್ರಾವಕ ಚರ್ಮದಿಂದಲೂ ಒಳಹೋಗುತ್ತದೆ. 25, 100, 400 ಪಾಲಿಗೆ ಎರಡು ವರ್ಷ ಒಡ್ಡಿದ ಇಲಿಗಳಲ್ಲಿ, ಹದಿನೆಂಟು ತಿಂಗಳು ಒಡ್ಡಿದ ಚಿಟ್ಟಿಲಿಗಳಲ್ಲಿ ಯಕೃತ್ತಿನ ನಡುಸುತ್ತಿನ ಕೋಶಗಳು ಹಿಗ್ಗಿದವು, ಕ್ಯಾನ್ಸರ್ ಕಾಣಲಿಲ್ಲ. ಜಪಾನಿನಲ್ಲಿ 800 ಪಾಲಿನವರೆಗೆ ಏರಿಸಿದ 2004ರ ಪ್ರಯೋಗದಲ್ಲಿ ಗೆಡ್ಡೆಗಳು ಕಂಡವು. ಬಣ್ಣ ಕೀಳುವ ಡೈಕ್ಲೋರೋಮೀಥೇನಿನ ಆವಿಯಿಂದ ಚಿಟ್ಟಿಲಿಗಳ ಯಕೃತ್ತು, ಶ್ವಾಸಕೋಶಗಳಲ್ಲಿ ಗೆಡ್ಡೆಯಾದದ್ದನ್ನು ಅಮೆರಿಕದ ರಾಷ್ಟ್ರೀಯ ವಿಷವಿಜ್ಞಾನ ಕಾರ್ಯಕ್ರಮ 1986ರಲ್ಲಿ ವರದಿ ಮಾಡಿತು. ಗ್ಯಾರೇಜಿನ ಸಾಮಾನ್ಯ ಥಿನ್ನರಿನಲ್ಲಿ ಹೆಚ್ಚಾಗಿರುವ ಟಾಲ್ವೀನು ಇವುಗಳಷ್ಟು ಯಕೃತ್ತನ್ನು ಕಾಡುವುದಿಲ್ಲ, ಅದರ ಕಾಟ ಮಿದುಳಿಗೆ. ಆದರೆ ಥಿನ್ನರ್ ಎಂಬುದು ಮಿಶ್ರಣ. ಡಬ್ಬಿಯಿಂದ ಡಬ್ಬಿಗೆ ಒಳಗಿನ ಪದಾರ್ಥ ಬದಲಾಗುತ್ತದೆ.

ಪ್ರಾಣಿಯ ಎಚ್ಚರಿಕೆಯನ್ನು ಮನುಷ್ಯ ತಡವಾಗಿ ಕೇಳಿದ ದೃಷ್ಟಾಂತ ವಿನೈಲ್ ಕ್ಲೋರೈಡ್. ಇದು ಅನಿಲ, ಪಿವಿಸಿ ಪ್ಲಾಸ್ಟಿಕ್ಕಿನ ಮೂಲವಸ್ತು. ಇಟಲಿಯಲ್ಲಿ ಚೆಸಾರೆ ಮಾಲ್ಟೋನಿ 1970ರ ದಶಕದ ಆರಂಭದಲ್ಲಿ ಇದನ್ನು ಉಸಿರಾಡಿದ ಇಲಿಗಳ ಯಕೃತ್ತಿನಲ್ಲಿ ರಕ್ತನಾಳದ ಅಪರೂಪದ ಕ್ಯಾನ್ಸರನ್ನು ಕಂಡಿದ್ದರು. 1974ರ ಜನವರಿಯಲ್ಲಿ ಅಮೆರಿಕದ ಲೂಯಿವಿಲ್ಲಿನ ಪಿವಿಸಿ ಕಾರ್ಖಾನೆಯ ಕೆಲಸಗಾರರು ಅದೇ ಕ್ಯಾನ್ಸರಿನಿಂದ ಸತ್ತದ್ದು ಹೊರಬಂತು. ಅಮೆರಿಕದಲ್ಲಿ 500 ಪಾಲು ಇದ್ದ ಮಿತಿ ಆ ವರ್ಷವೇ 50ಕ್ಕೆ ಇಳಿದು, ಬಳಿಕ ಒಂದು ಪಾಲಿಗೆ ಬಂತು.

ಹಿಗ್ಗುವುದು ಬೇರೆ, ಕೆಡುವುದು ಬೇರೆ

ಯಕೃತ್ತಿನ ತೂಕ ಹೆಚ್ಚಾಯಿತೆಂಬ ಒಂದೇ ಸಾಲಿನ ಫಲಿತಾಂಶವನ್ನು ಎರಡು ರೀತಿ ಓದಬಹುದು. ಪರಕೀಯ ವಸ್ತು ಹೆಚ್ಚಾಗಿ ಬಂದಾಗ ಅದನ್ನು ಮುರಿಯುವ ಕಿಣ್ವಗಳನ್ನು ಹೆಚ್ಚು ತಯಾರಿಸಲು ಕೋಶಗಳು ದೊಡ್ಡದಾಗುತ್ತವೆ. ಹಂಗಾಮಿನಲ್ಲಿ ಆಳು ಹೆಚ್ಚಿಸಿಕೊಂಡ ಕಾರ್ಖಾನೆಯಂತೆ. ಒಡ್ಡಿಕೆ ನಿಂತರೆ ಯಕೃತ್ತು ಮೊದಲಿನ ಅಳತೆಗೆ ಮರಳುತ್ತದೆ. ತೂಕದ ಜೊತೆ ಎಸ್‌ಜಿಪಿಟಿಯೂ ಏರಿ, ಸೀಳಿನಲ್ಲಿ ಸತ್ತ ಕೋಶಗಳೂ ಕಂಡರೆ ಅದು ಗಾಯ. ಫಾಸ್ಫೇಟ್ ಎಸ್ಟರಿನ ಇಲಿಗಳಲ್ಲಿ ಕಂಡದ್ದು ಮೊದಲನೆಯ ಬಗೆಗೆ ಹತ್ತಿರ. ಕಾರ್ಬನ್ ಟೆಟ್ರಾಕ್ಲೋರೈಡಿನದು ನಿಸ್ಸಂದೇಹವಾಗಿ ಎರಡನೆಯದು.

ಇಲಿಯಿಂದ ಮನುಷ್ಯನಿಗೆ ಜಿಗಿಯುವಾಗಲೂ ಎಚ್ಚರ ಬೇಕು. ಹೈಡ್ರೋಕಾರ್ಬನ್ ಇಂಧನಗಳ ಆವಿಗೆ ಗಂಡು ಇಲಿಯ ಮೂತ್ರಪಿಂಡ ಕೆಡುತ್ತದೆ. ಅದಕ್ಕೆ ಕಾರಣವಾದ ಪ್ರೋಟೀನು ಮನುಷ್ಯರಲ್ಲಿ ಇಲ್ಲ. ಟೆಟ್ರಾಕ್ಲೋರೋಎಥಿಲೀನಿನಿಂದ ಚಿಟ್ಟಿಲಿಗೆ ಬರುವ ಯಕೃತ್ತಿನ ಗೆಡ್ಡೆ ಮನುಷ್ಯರಿಗೆ ಎಷ್ಟು ಅನ್ವಯಿಸುತ್ತದೆ ಎಂಬ ವಾದ ದಶಕಗಳಿಂದ ನಡೆದಿದೆ. ಇನ್ನೊಂದು ಕಡೆ, ಇಲಿ ತನ್ನ ತೂಕಕ್ಕೆ ಹೋಲಿಸಿದರೆ ಮನುಷ್ಯನಿಗಿಂತ ಹಲವು ಪಟ್ಟು ಗಾಳಿ ಉಸಿರಾಡುತ್ತದೆ, ಹಾಗಾಗಿ ಒಂದೇ ಗಾಳಿಯಿಂದ ಅದಕ್ಕೆ ಹೆಚ್ಚು ವಿಷ ಸಿಗುತ್ತದೆ. ಇವನ್ನೆಲ್ಲ ತೂಗಿ, ಪ್ರಾಣಿಗೆ ತೊಂದರೆಯಾಗದ ಮಟ್ಟವನ್ನು ಜಾತಿಭೇದಕ್ಕೆ ಹತ್ತರಿಂದ, ಮನುಷ್ಯ ಮನುಷ್ಯರ ನಡುವಿನ ಭೇದಕ್ಕೆ ಮತ್ತೆ ಹತ್ತರಿಂದ ಭಾಗಿಸುವ ವಾಡಿಕೆ ಇದೆ.

ವಿಜಯಪುರದ ಇಲಿಗಳು

ಈ ನಾಲ್ಕು ತಾಲ್ಲೂಕುಗಳ ಜಿಲ್ಲಾಕೇಂದ್ರದಲ್ಲೇ ಇಂಥ ಕೆಲಸ ನಡೆದಿದೆ ಎಂಬುದು ಇಲ್ಲಿಯವರಿಗೇ ಅಷ್ಟಾಗಿ ಗೊತ್ತಿಲ್ಲ. ವಿಜಯಪುರದ ಅಲ್-ಅಮೀನ್ ವೈದ್ಯಕೀಯ ಕಾಲೇಜು ಮತ್ತು ಬಿಎಲ್‌ಡಿಇ ಸಂಸ್ಥೆಯ ಬಿ. ಎಂ. ಪಾಟೀಲ ವೈದ್ಯಕೀಯ ಕಾಲೇಜಿನ ಶರೀರಕ್ರಿಯಾ ವಿಜ್ಞಾನಿಗಳಾದ ಕುಸಲ್ ಕೆ. ದಾಸ್, ಎಸ್. ಎ. ಧುಂಡಸಿ ಮತ್ತು ಸಂಗಡಿಗರು 2000ರ ದಶಕದಲ್ಲಿ ಬಿಳಿ ಇಲಿಗಳ ಮೇಲೆ ನಿಕಲ್ ಸಲ್ಫೇಟಿನ ಪರಿಣಾಮ ಕುರಿತ ಸರಣಿ ಲೇಖನಗಳನ್ನು ಪ್ರಕಟಿಸಿದರು. ನಿಕಲ್ ಸಲ್ಫೇಟು ಲೋಹಲೇಪನದ ತೊಟ್ಟಿಯ ದ್ರವ. ವಿದ್ಯುತ್ ಹರಿಸಿದಾಗ ಗುಳ್ಳೆಯೊಡೆದು ಅದರ ಮಂಜು ಕೆಲಸಗಾರನ ಮೂಗಿಗೆ ಬರುತ್ತದೆ. ವಿಜಯಪುರದಲ್ಲಿ ಇಲಿಗಳಿಗೆ ಅದನ್ನು ಉಸಿರಾಡಿಸದೆ ಹೊಟ್ಟೆಯ ಪೊರೆಯೊಳಗೆ ಚುಚ್ಚಿ ಕೊಡಲಾಯಿತು. ಅಂಗಾಂಶಗಳಲ್ಲಿ ಕೊಬ್ಬಿನ ಉತ್ಕರ್ಷಣ ಏರಿತು, ಜೀವಕೋಶವನ್ನು ಕಾಯುವ ವಸ್ತುಗಳು ಇಳಿದವು. ಸಿ ಜೀವಸತ್ವ ಕೊಟ್ಟಾಗ ಈ ಕೇಡು ತಗ್ಗಿತು. ನಿಕಲ್ ಮತ್ತು ಕ್ರೋಮಿಯಂ ಕೊಟ್ಟ ಇಲಿಗಳ ರಕ್ತದ ಕೊಬ್ಬಿನ ಮೇಲೆ ಬೆಳ್ಳುಳ್ಳಿ ಸಾರದ ಪ್ರಭಾವವನ್ನೂ 2008ರಲ್ಲಿ ಪ್ರಕಟಿಸಿದರು. ಅದೇ ವರ್ಷ ಇಂಡಿಯನ್ ಜರ್ನಲ್ ಆಫ್ ಮೆಡಿಕಲ್ ರಿಸರ್ಚ್‌ನಲ್ಲಿ ಬಂದ ಅವರ ನಿಕಲ್ ಸಮೀಕ್ಷೆ ಜಗತ್ತಿನಾದ್ಯಂತ ಉಲ್ಲೇಖಗೊಂಡಿದೆ.

ಈ ಫಲಿತಾಂಶವನ್ನು ಹಿಡಿದು ಬೆಳ್ಳುಳ್ಳಿ ತಿಂದರೆ ಮಂಜಿನ ಭಯವಿಲ್ಲ ಎನ್ನುವುದು ತಪ್ಪು. ಚುಚ್ಚಿದ ವಿಷಕ್ಕೂ ಉಸಿರಾಡಿದ ವಿಷಕ್ಕೂ ಅಂಗಗಳ ಸರದಿಯೇ ಬೇರೆ. ನಿಕಲ್ ಸಲ್ಫೇಟನ್ನೇ ಎರಡು ವರ್ಷ ಉಸಿರಾಡಿಸಿದ ಅಮೆರಿಕದ 1996ರ ಪ್ರಯೋಗದಲ್ಲಿ ಮುಖ್ಯವಾಗಿ ಕೇಡು ಕಂಡದ್ದು ಶ್ವಾಸಕೋಶ ಮತ್ತು ಮೂಗಿನ ಒಳಪೊರೆಯಲ್ಲಿ.

ಇಂಥ ಪ್ರಯೋಗಗಳಿಗೆ ನಮ್ಮಲ್ಲಿ 1960ರ ಪ್ರಾಣಿಹಿಂಸೆ ತಡೆ ಕಾಯ್ದೆ ಮತ್ತು ಅದರಡಿಯ 1998ರ ನಿಯಮಗಳ ಕಟ್ಟುಪಾಡಿದೆ. ಪ್ರತಿ ಸಂಸ್ಥೆಯ ನೈತಿಕ ಸಮಿತಿ ಒಪ್ಪದೆ ಒಂದು ಇಲಿಯನ್ನೂ ಮುಟ್ಟುವಂತಿಲ್ಲ.

ದ್ರಾಕ್ಷಿ ಪಡದ ಪೇಸ್ಟು

ಈ ಸೀಮೆಯಲ್ಲಿ ಯಕೃತ್ತಿನ ಮಾತು ಬಂದಾಗ ಬಿಡಲಾಗದ ದ್ರವ ಇನ್ನೊಂದಿದೆ. ದ್ರಾಕ್ಷಿಗೆ ಅಕ್ಟೋಬರ್ ಚಾಟ್ನಿ (ಬಳ್ಳಿ ಸವರುವುದು) ಮಾಡಿದ ಮೇಲೆ ಕಣ್ಣುಗಳು ಒಟ್ಟಿಗೆ ಒಡೆಯಲೆಂದು ಹೈಡ್ರೋಜನ್ ಸಯನಮೈಡ್ ಹಚ್ಚುತ್ತಾರೆ. ಪೇಸ್ಟು ಹಚ್ಚುವುದು ಎಂದು ಕರೆಯುವ ಈ ಕೆಲಸಕ್ಕೆ ಕೂಲಿಯಾಳುಗಳು, ಅವರಲ್ಲಿ ಹೆಂಗಸರೂ, ಸಾಲುಸಾಲಾಗಿ ಇಳಿಯುತ್ತಾರೆ. ಸಯನಮೈಡು ಮದ್ಯವನ್ನು ಅರಗಿಸುವ ಆಲ್ಡಿಹೈಡ್ ಡಿಹೈಡ್ರೋಜಿನೇಸ್ ಕಿಣ್ವವನ್ನು ತಡೆಯುತ್ತದೆ. ಹಚ್ಚಿದ ದಿನವೋ ಮರುದಿನವೋ ಸ್ವಲ್ಪ ಕುಡಿದರೂ ಮುಖ ಕೆಂಪಾಗಿ, ಎದೆ ಹೊಡೆದುಕೊಂಡು, ವಾಂತಿಯಾಗಿ, ರಕ್ತದೊತ್ತಡ ಕುಸಿಯಬಹುದು. ಇದೇ ಗುಣದಿಂದ ಸಯನಮೈಡನ್ನು ಕುಡಿತ ಬಿಡಿಸುವ ಔಷಧವಾಗಿ ಕೆಲವು ದೇಶಗಳಲ್ಲಿ ಕೊಡುತ್ತಿದ್ದರು. ಅದನ್ನು ದೀರ್ಘಕಾಲ ತೆಗೆದುಕೊಂಡವರ ಯಕೃತ್ತಿನ ಕೋಶಗಳಲ್ಲಿ ಉಜ್ಜಿದ ಗಾಜಿನಂತೆ ಮಸುಕಾದ ವಸ್ತು ಶೇಖರವಾದದ್ದು ದಾಖಲಾಗಿದೆ. ಐರೋಪ್ಯ ಒಕ್ಕೂಟ 2008ರಲ್ಲಿ ಕೃಷಿ ಬಳಕೆಗೆ ಇದಕ್ಕೆ ಅನುಮತಿ ನಿರಾಕರಿಸಿತು. ಡೈಮಿಥೈಲ್ ಫಾರ್ಮಮೈಡಿನ ಕೆಲಸಗಾರರಲ್ಲೂ ಇಂಥದೇ ಮದ್ಯದ ಅಸಹನೆ ಕಾಣುತ್ತದೆ. ಕುಡಿದಾಗ ಮಾತ್ರ ಮುಖ ಕೆಂಪೇರುವ ಕೆಲಸಗಾರನನ್ನು ಕಂಡರೆ ವೈದ್ಯರು ಅವನ ಕೈಯಲ್ಲಿರುವ ದ್ರವ ಯಾವುದೆಂದು ವಿಚಾರಿಸಬೇಕು.

ಮೂಗಿಗೆ ವಲ್ಲಿ ಸುತ್ತಿಕೊಳ್ಳುವುದರಿಂದ ಧೂಳು ತುಸು ತಡೆದೀತು, ದ್ರಾವಕದ ಆವಿ ತಡೆಯದು. ಬಟ್ಟೆ ನೆನೆದರೆ ಆವಿಯನ್ನು ಮೂಗಿನ ಬಳಿಯೇ ಹಿಡಿದಿಡುತ್ತದೆ. ಆವಿಗೆ ಬೇಕಾದದ್ದು ಇದ್ದಿಲಿನ ಕ್ಯಾನಿಸ್ಟರ್ ಇರುವ ಮುಖವಾಡ, ಅದಕ್ಕಿಂತ ಮೊದಲು ಬಯಲಿನ ಗಾಳಿ.

ಕಾಯ್ದೆ ಮತ್ತು ಕಾಮಣಿ

2025ರವರೆಗೆ ಜಾರಿಯಲ್ಲಿದ್ದ ಕಾರ್ಖಾನೆ ಕಾಯ್ದೆಗೆ 1987ರ ತಿದ್ದುಪಡಿಯಿಂದ ಸೇರಿದ ಅನುಸೂಚಿಗಳಲ್ಲಿ ಒಂದು, ಗಾಳಿಯಲ್ಲಿರಬಹುದಾದ ರಾಸಾಯನಿಕಗಳ ಮಿತಿಯನ್ನು ಹೇಳುತ್ತಿತ್ತು. ವರದಿ ಮಾಡಲೇಬೇಕಾದ ಔದ್ಯೋಗಿಕ ರೋಗಗಳ ಮೂರನೆಯ ಅನುಸೂಚಿಯಲ್ಲಿ ವಿಷವಸ್ತುಗಳಿಂದ ಬರುವ ಕಾಮಾಲೆಯ ಹೆಸರಿತ್ತು; 89ನೆಯ ಕಲಮು ವ್ಯವಸ್ಥಾಪಕನಿಗೂ ಚಿಕಿತ್ಸೆ ಕೊಟ್ಟ ವೈದ್ಯನಿಗೂ ಆ ಹೊಣೆ ಹೊರಿಸುತ್ತಿತ್ತು. ಆದರೆ ಮೂವರು ನಾಲ್ವರು ದುಡಿಯುವ ಗ್ಯಾರೇಜು ಆ ಕಾಯ್ದೆಯ ಅಳತೆಗೆ ಸಿಗುತ್ತಿರಲಿಲ್ಲ. ಅಲ್ಲಿಯ ಹುಡುಗನಿಗೆ ಕಣ್ಣು ಹಳದಿಯಾದರೆ ಮನೆಯವರು ಅದನ್ನು ಕಾಮಣಿ ಎಂದು ಕರೆದು ನಾಟಿ ಔಷಧಕ್ಕೆ ಕರೆದೊಯ್ಯುತ್ತಾರೆ. ಸೋಂಕಿನ ಕಾಮಾಲೆಯೇ ಹೆಚ್ಚಾಗಿರುವ ಸೀಮೆಯಲ್ಲಿ ವೈದ್ಯರೂ ಮೊದಲು ಅದನ್ನೇ ಊಹಿಸುತ್ತಾರೆ, ಅದು ಸಹಜವೇ. ಹೆಪಟೈಟಿಸ್ ಪರೀಕ್ಷೆಗಳು ಇಲ್ಲವೆಂದು ಬಂದ ಮೇಲಾದರೂ ಕೆಲಸದ ಪ್ರಶ್ನೆ ಕೇಳಬೇಕು: ಯಾವ ದ್ರವ, ಎಷ್ಟು ದಿನ, ಮುಚ್ಚಿದ ಕೋಣೆಯೇ, ಕುಡಿತ ಇದೆಯೇ, ರಜೆಯಲ್ಲಿ ಹಗುರಾಗುತ್ತದೆಯೇ. ಒಡ್ಡಿಕೆ ನಿಲ್ಲಿಸಿ ಕೆಲವು ವಾರಗಳಲ್ಲಿ ಎಸ್‌ಜಿಪಿಟಿ ಇಳಿದರೆ ಉತ್ತರ ಬಹುಮಟ್ಟಿಗೆ ಸಿಕ್ಕಂತೆ.

ಇಲಿಗಳ ಮೇಲಿನ ಈ ಎಲ್ಲ ಪರೀಕ್ಷೆಗಳ ಸಾರ ಕೊನೆಗೆ ಬಂದು ಸೇರುವುದು ಬ್ಯಾರಲ್ಲಿನೊಡನೆ ಬರಬೇಕಾದ ಸುರಕ್ಷತಾ ಮಾಹಿತಿ ಹಾಳೆಗೆ. ಅಪಾಯಕಾರಿ ರಾಸಾಯನಿಕಗಳ 1989ರ ನಿಯಮಗಳು ಅಂಥ ಹಾಳೆಯನ್ನು ಕಡ್ಡಾಯ ಮಾಡಿವೆ. ಈಗ ಜಗತ್ತಿನೆಲ್ಲೆಡೆ ಚಾಲ್ತಿಯಲ್ಲಿರುವ ನಮೂನೆಯಲ್ಲಿ 16 ವಿಭಾಗಗಳಿವೆ: ಎಂಟನೆಯದರಲ್ಲಿ ಗಾಳಿಯ ಮಿತಿ ಮತ್ತು ಮುಖವಾಡದ ವಿವರ, ಹನ್ನೊಂದನೆಯದರಲ್ಲಿ ಪ್ರಾಣಿಗಳಲ್ಲಿ ಕಂಡ ವಿಷಗುಣ. ಮಾರಾಟಗಾರರಿಂದ ಅದನ್ನು ಕೇಳಿ ಪಡೆಯಬಹುದು. ಸಾಮಾನ್ಯವಾಗಿ ಅದು ಇಂಗ್ಲಿಷಿನಲ್ಲಿರುತ್ತದೆ, ಗ್ಯಾರೇಜಿನ ಗೋಡೆಗೆ ಆ ಎರಡು ವಿಭಾಗಗಳನ್ನಾದರೂ ಕನ್ನಡದಲ್ಲಿ ಬರೆದು ಅಂಟಿಸುವುದು ದೊಡ್ಡ ಖರ್ಚಿನ ಕೆಲಸವಲ್ಲ. ಲೇಬಲ್ಲಿಲ್ಲದ ಕ್ಯಾನಿನಿಂದ ಬಾಟಲಿಗೆ ಸುರಿದು ಮಾರುವ ದ್ರಾವಕಕ್ಕೆ ಮಾತ್ರ ಇಂಥ ಹಾಳೆ ಸಿಗುವುದಿಲ್ಲ. ಅಂಥದ್ದನ್ನು ಬಳಸಿ ಕಾಯಿಲೆ ಬಿದ್ದವನ ಜೊತೆ ಆ ಬಾಟಲಿಯನ್ನೂ ಭದ್ರವಾಗಿ ಮುಚ್ಚಿ ಆಸ್ಪತ್ರೆಗೆ ಒಯ್ಯಬೇಕು.